127 ಹಲ್ಲಿನ ಗಿಯರ್, 50 ಇಂಚಿನ ದೋಣಿ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ, ಒಂದು ವಾಲ್ವ್ ಕಾರ್ಖಾನೆಯಲ್ಲಿ ನನ್ನದು ಅಳೆಯುವ ಕೆಲಸ. ಬೆಳಗಾದರೆ ವರ್ನಿಯರ್, ಮೈಕ್ರೋಮೀಟರ್, ಅಳತೆ ತಾಳೆ ನೋಡುವ ಉಕ್ಕಿನ ಬಿಲ್ಲೆಗಳಾದ ಸ್ಲಿಪ್ ಗೇಜು. ನಾನು ಸಹಿ ಹಾಕದೆ ಒಂದು ಪೀಸೂ ಗೇಟು ದಾಟುವುದಿಲ್ಲ. ಅಂಥವನು ಮನೆಯ ಹಿತ್ತಲಲ್ಲಿ ಕಟ್ಟಲು ಹೊರಟ 50 ಇಂಚಿನ ದೋಣಿ 49 ಇಂಚು ಚಿಲ್ಲರೆ ಆಗಿ ಕೂತಿತ್ತು. ಅದು ಹೇಗಾಯಿತು ಅಂತ ಕೇಳಿದವರಿಗೆಲ್ಲ ಬಾಯಿಮಾತಲ್ಲಿ ಹೇಳಿ ಸಾಕಾಗಿ, ಈಗ ಬರೆದೇ ಇಡುತ್ತಿದ್ದೇನೆ.

ದೋಣಿ ಎಂದರೆ ಕೂತು ಹೋಗುವ ದೋಣಿಯಲ್ಲ. ದಂಡೆಯ ಮೇಲೆ ನಿಂತು ರಿಮೋಟಿನಿಂದ ನಡೆಸುವ ಹಾಯಿದೋಣಿ. ಮೋಟಾರು ಹಾಯಿಯ ಹಗ್ಗ ಎಳೆಯುವುದಕ್ಕೆ ಮತ್ತು ಚುಕ್ಕಾಣಿ ತಿರುಗಿಸುವುದಕ್ಕೆ ಮಾತ್ರ, ಓಡಿಸುವುದು ಗಾಳಿಯೇ. ನೌಕಾಪಡೆಯಿಂದ ನಿವೃತ್ತನಾಗಿ ಧಾರವಾಡಕ್ಕೆ ಬಂದು ನೆಲೆಸಿದ ನನ್ನ ಸಾಲೀ ದೋಸ್ತನೊಬ್ಬ ಇದರ ಹುಚ್ಚು ಹಿಡಿಸಿದ. ಅವನ ಹತ್ತಿರ ಒಂದು ದೋಣಿ ಆಗಲೇ ಇತ್ತು. "ನೀನೂ ಒಂದ ಮಾಡು, ಉಣಕಲ್ ಕೆರಿಯಾಗ ರೇಸ್ ಹಚ್ಚೂಣು. ಆದ್ರ ಕ್ಲಾಸ್ ರೂಲಿಗೆ ಸರಿ ಬರಬೇಕ ನೋಡು, ಇಲ್ಲಾಂದ್ರ ನಾ ಒಲ್ಲೆ" ಅಂದ.

ಕ್ಲಾಸ್ ರೂಲ್ ಅಂದರೆ, ಒಂದೇ ಜಾತಿಯ ದೋಣಿಗಳು ಸ್ಪರ್ಧೆಗೆ ಇಳಿಯಬೇಕಾದರೆ ಎಷ್ಟು ಉದ್ದ, ಎಷ್ಟು ಹಾಯಿ ಎಂದು ಕಟ್ಟಿಹಾಕುವ ನಿಯಮ. ನಾವು ಹಿಡಿದುಕೊಂಡದ್ದು ಮಾರ್ಬಲ್‌ಹೆಡ್ ಎಂಬ ವರ್ಗದ ಹಳೆಯ ನಿಯಮ. ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯ ಅದೇ ಹೆಸರಿನ ಊರಲ್ಲಿ 1930ರ ಹೊತ್ತಿಗೆ ಹುಟ್ಟಿದ್ದು. ಅದರ ಅಡ್ಡಹೆಸರೇ '50/800'. ದೋಣಿಯ ಉದ್ದ 50 ಇಂಚು, ಕಾಲು ಇಂಚು ಆಚೀಚೆ ನಡೆಯುತ್ತದೆ. ಹಾಯಿ 800 ಚದರ ಇಂಚು, ಅದಕ್ಕಿಂತ ಹೆಚ್ಚು ಇಲ್ಲ. ಇಷ್ಟು ಸರಳ ನಿಯಮದಲ್ಲಿ ಎಡವುವುದಕ್ಕೆ ಏನಿದೆ ಅಂತ ನನಗೂ ಅನಿಸಿತ್ತು.

ನಕ್ಷೆಯ ಝೆರಾಕ್ಸ್ ಪ್ರತಿ ಬಂತು. ಅದರ ಜೊತೆ ಒಂದು ಕೋಷ್ಟಕ. ದೋಣಿಯನ್ನು ಮೂಲಂಗಿ ಹೆಚ್ಚಿದಂತೆ ಹತ್ತು ಸಮಭಾಗ ಮಾಡಿ, ಒಂದೊಂದು ಜಾಗದಲ್ಲಿ ಮಧ್ಯದ ಗೆರೆಯಿಂದ ಬದಿಗೆ ಎಷ್ಟು ದೂರ ಎಂದು ಆ ಕೋಷ್ಟಕ ಹೇಳುತ್ತದೆ. ಹೆಚ್ಚಿದ ಜಾಗಗಳಿಗೆ ನಕ್ಷೆಯವರ ಭಾಷೆಯಲ್ಲಿ ಸ್ಟೇಷನ್ ಎನ್ನುತ್ತಾರೆ. 1,507 ಮೀಟರಿನ ಪ್ಲಾಟ್‌ಫಾರ್ಮ್ ಇರುವ ಊರಿನವನಿಗೆ ಇದು ಹಿಡಿಸಿತು. ನೂರಕ್ಕೂ ಹೆಚ್ಚು ಅಂಕಿಗಳು. ಎಲ್ಲವೂ 0-4-5+, 0-3-7, 0-5-0 ಎಂಬ ಧಾಟಿಯಲ್ಲಿ.

ಒಂದು ರವಿವಾರ ಕೂತು ಎಲ್ಲವನ್ನೂ ಎಕ್ಸೆಲ್‌ಗೆ ತುಂಬಿದೆ. ಮೊದಲಿನ ಸೊನ್ನೆ ಅಡಿ, ಅದು ಗೊತ್ತಾಯಿತು. ಉಳಿದ 4-5 ಅಂದರೆ ನಾಲ್ಕೂವರೆ ಇಂಚು ಎಂದುಕೊಂಡೆ, 4.5. ಪ್ಲಸ್ ಚಿಹ್ನೆ ಯಾರೋ ಪೆನ್ನು ತಾಗಿಸಿದ್ದು ಅಂತ ಬಿಟ್ಟೆ. 25.4ರಿಂದ ಗುಣಿಸಿ, ಕೆಳಗೆ ಎಳೆದರೆ ನೂರು ಅಂಕಿಗಳೂ ಒಂದು ಕ್ಷಣದಲ್ಲಿ ಮಿಲಿಮೀಟರ್ ಆದವು. ದಶಮಾಂಶದ ನಂತರ ಎರಡು ಸ್ಥಾನ ಇಟ್ಟಿದ್ದೆ. ಎರಡು ಸ್ಥಾನ ನೋಡಿದರೆ ನಮ್ಮಂಥವರಿಗೆ ಬೇರೆ ಅನುಮಾನವೇ ಬರುವುದಿಲ್ಲ.

ದೊಡ್ಡ ಕಾಗದದ ಮೇಲೆ ಬಿಂದುಗಳನ್ನು ಇಟ್ಟು, ಬಳುಕುವ ಕಟ್ಟಿಗೆ ಪಟ್ಟಿಯನ್ನು ಅವುಗಳ ಗುಂಟ ಬಾಗಿಸಿದೆ. ಪಟ್ಟಿ ಕೂಡಲೇ ಇಲ್ಲ. ಒಂದು ಕಡೆ ಬಿಂದು ಒಳಗೆ, ಇನ್ನೊಂದು ಕಡೆ ಹೊರಗೆ. ದೋಣಿಯ ಹೊಟ್ಟೆ ನಮ್ಮ ಬೈಪಾಸಿನ ಸರ್ವಿಸ್ ರೋಡಿನಂತೆ ಕಾಣುತ್ತಿತ್ತು. ಕಾಪಿ ಮಾಡುವಾಗ ಯಾರೋ ಅಂಕಿ ತಪ್ಪಿಸಿದ್ದಾರೆ ಎಂದು ನಕ್ಷೆಯನ್ನೇ ಬೈದೆ.

ಫರ್ಮಾ, ಅಂದರೆ ಒಂದೊಂದು ಸ್ಟೇಷನ್ನಿನ ಆಕಾರಕ್ಕೆ ಕತ್ತರಿಸಿದ ಹಲಗೆ, ಮಾಡಿಕೊಡಲು ಒಪ್ಪಿದ್ದ ಬಡಿಗ್ಯಾರ ಕಾಕಾ ಅವತ್ತು ಸಂಜೆ ಬಂದರು. ಬಾಗಿಲು ಚೌಕಟ್ಟು, ಕಾಟು, ಒಮ್ಮೆ ಊರ ದೇವರ ಪಲ್ಲಕ್ಕಿ, ಇವು ಅವರು ಮಾಡಿದ ಕೆಲಸ. ದೋಣಿ ಕಟ್ಟಿದವರಲ್ಲ. ಕೋಷ್ಟಕದ ಮೇಲೆ ಬೆರಳಿಟ್ಟು ಒಂದು ಸಲ ಮೇಲಿಂದ ಕೆಳಗೆ ಓದಿದರು.

"ನಾಕ ಇಂಚ, ಐದೂವರಿ ಸೂತ. ಮೂರ ಇಂಚ, ಏಳ ಸೂತ. ಐದ ಇಂಚ. ಇದರಾಗ ತಿಳೀಲಾರದ್ದೇನ ಐತ್ರಿ?"

ಸೂತ! ಇಂಚಿನಲ್ಲಿ ಎಂಟನೇ ಒಂದು ಪಾಲು. ನಮ್ಮ ಬಡಿಗೇರರು, ಗ್ರಿಲ್ ಮಾಡುವವರು ದಿನಕ್ಕೆ ನೂರು ಸಲ ಆಡುವ ಮಾತು. ಹಡಗು ಕಟ್ಟುವವರ ಕೋಷ್ಟಕವೂ ಅದೇ: ಅಡಿ, ಇಂಚು, ಎಂಟನೇ ಭಾಗ, ಪ್ಲಸ್ ಇದ್ದರೆ ಇನ್ನರ್ಧ. 0-4-5+ ಅಂದರೆ 119.06 ಮಿಲಿಮೀಟರ್. ನಾನು ಹಾಕಿದ್ದು 114.3. ಸುಮಾರು 5 ಮಿಮೀ ಹಳ್ಳ. 0-5-0 ಮಾತ್ರ ಎರಡೂ ರೀತಿಯಲ್ಲಿ ಓದಿದರೂ 127, ಅದಕ್ಕೇ ಅಲ್ಲಲ್ಲಿ ಬಿಂದುಗಳು ಸರಿ ಕೂತು ನನ್ನನ್ನು ಇನ್ನಷ್ಟು ದಿಕ್ಕು ತಪ್ಪಿಸಿದ್ದವು. ಇನ್ನೂ ನಾಚಿಕೆಯ ಮಾತೆಂದರೆ, ಅಷ್ಟು ಅಂಕಿ ಟೈಪ್ ಮಾಡಿದರೂ ಕೊನೆಯ ಮನೆಯಲ್ಲಿ ಒಂದೇ ಒಂದು 8 ಆಗಲಿ 9 ಆಗಲಿ ಬರಲಿಲ್ಲ ಎಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಎಂಟು ಸೂತ ಆದರೆ ಇಂಚೇ ಆಯಿತಲ್ಲ, ಎಲ್ಲಿಂದ ಬರಬೇಕು?

ಎಕ್ಸೆಲ್ ಮುಚ್ಚಿದೆ. ಕಾಕಾ ತಮ್ಮ ಇಂಚಿನ ಟೇಪಿನಲ್ಲೇ ಗುರುತು ಹಾಕಿ ಪಟ್ಟಿ ಬಾಗಿಸಿದರೆ ಅದು ಬೆಣ್ಣೆಯಂತೆ ಕೂತಿತು. ಕೋಷ್ಟಕದ ಅಳತೆ ದೋಣಿಯ ಹೊರಮೈದು, ಫರ್ಮಾ ಇರುವುದು ಒಳಗೆ. ಹಾಗಾಗಿ ಮೇಲೆ ಹೊದಿಸುವ ಪಟ್ಟಿಯ ದಪ್ಪವನ್ನು ಸುತ್ತಲೂ ಕಳೆಯಬೇಕು. ನಕ್ಷೆ ಹೇಳಿದ ದಪ್ಪ ಇಂಚಿನ ಹದಿನಾರರಲ್ಲಿ ಮೂರು, ಅಂದರೆ ಒಂದೂವರೆ ಸೂತ, 4.76 ಮಿಮೀ. ನಾವು ಯಂತ್ರ ಬಂದ ಪೈನ್ ಪೆಟ್ಟಿಗೆಗಳ ಹಲಗೆ ಸೀಳಿಸಿದ್ದು 5 ಮಿಮೀಗೆ. ಈ 0.24 ಬಗ್ಗೆ ನಾನು ತಲೆ ಕೆಡಿಸಿಕೊಂಡಾಗ ಕಾಕಾ, "ಉಸುಕಿನ ಕಾಗದಾ ತಿಕ್ಕಿದ್ರ ಹೋಗ್ತೈತ್ರಿ ಅದು" ಅಂದರು. ಹೌದು, ಹೋಯಿತು.

ದೊಡ್ಡ ತಪ್ಪು ಆಗಿದ್ದು ಇದಾದ ಮೇಲೆ. ಮತ್ತು ಆ ತಪ್ಪು ಕಾಕಾನದಲ್ಲ, ಅವರ ಕೈಕೆಳಗಿನ ಹುಡುಗನದೂ ಅಲ್ಲ.

ಫರ್ಮಾಗಳನ್ನು ಉದ್ದನೆಯ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸುವ ದಿನ ನಾನು ಡ್ಯೂಟಿಯಲ್ಲಿದ್ದೆ. ಆ ಹುಡುಗನ ಕೈಯಲ್ಲಿದ್ದದ್ದು ಮಿಲಿಮೀಟರ್ ಟೇಪು. ಫೋನ್ ಮಾಡಿದ: "ಸರ್, ಒಂದಕ್ಕೊಂದು ಎಷ್ಟ ಎಂಎಂ ಬಿಡೂದ್ರಿ?" 50 ಇಂಚಿಗೆ ಹತ್ತು ಭಾಗ, ಒಂದಕ್ಕೆ 5 ಇಂಚು. ನನ್ನ ಬಾಯಿ ತಾನೇ ಉತ್ತರ ಕೊಟ್ಟಿತು: "ನೂರಾ ಇಪ್ಪತ್ತೈದು."

ಯಾಕೆ ಹಾಗಂದೆ ಎನ್ನುವುದಕ್ಕೆ ಕಾರಣವಿದೆ. ವಾಲ್ವಿನ ವ್ಯಾಪಾರದಲ್ಲಿ ಒಂದು ಇಂಚಿನ ಪೈಪಿಗೆ ಡಿಎನ್ 25 ಎನ್ನುತ್ತೇವೆ. ಎರಡು ಇಂಚಿಗೆ 50, ನಾಲ್ಕಕ್ಕೆ 100, ಐದಕ್ಕೆ 125. ಇವು ಅಳತೆಗಳೇ ಅಲ್ಲ, ಹೆಸರುಗಳು. ಒಂದು ಇಂಚಿನ ಪೈಪನ್ನು ಎಲ್ಲಿ ಅಳೆದರೂ, ಒಳಗಾಗಲಿ ಹೊರಗಾಗಲಿ, ಸರಿಯಾಗಿ 25 ಸಿಗುವುದಿಲ್ಲ. ಇಪ್ಪತ್ತು ವರ್ಷ ಆ ಹೆಸರುಗಳನ್ನೇ ಜಪಿಸಿದ ನಾಲಿಗೆ ಅಳತೆ ಕೇಳಿದಾಗಲೂ ಹೆಸರನ್ನೇ ಹೇಳಿತು. ನಮ್ಮ ಲೇಔಟುಗಳಲ್ಲಿ 9×12 ಮೀಟರಿನ ಪ್ಲಾಟಿಗೆ ಎಲ್ಲರೂ 'ಮೂವತ್ತು-ನಲವತ್ತು' ಅನ್ನುತ್ತಾರಲ್ಲ, ಹಾಗೆ. 30×40 ಅಂದರೆ 1,200 ಚದರ ಅಡಿ, 9×12 ಮೀಟರ್ ಅಂದರೆ 1,162 ಚಿಲ್ಲರೆ. ಚದರಡಿಗೆ ಇಷ್ಟು ಎಂದು ದರ ಮಾತಾಡುವಾಗ ಆ 37 ಅಡಿ ಯಾರ ಕಿಸೆಯಿಂದ ಹೋಗುತ್ತದೆ ಎಂದು ಕೊಂಡವರಿಗೆ ಗೊತ್ತು.

ಹೀಗೆ ಒಂಬತ್ತು ಫರ್ಮಾ, ಮುಂದಿನ ಮೂತಿ, ಹಿಂದಿನ ಹಲಗೆ ಎಲ್ಲವೂ 125ಕ್ಕೆ ಒಂದರಂತೆ ನಿಂತವು. ಬದಿಗೆ ಮೂರು ಮೂರು ಪಟ್ಟಿ ಫೆವಿಕಾಲ್ ಹಚ್ಚಿ ಕೂಡಿಸಿಯೂ ಆಯಿತು. ನೋಡುವುದಕ್ಕೆ ಚೆಂದವೇ ಇತ್ತು. ಒಂದೊಂದು ಮನೆಯಲ್ಲಿ 2 ಮಿಮೀ ಕಡಿಮೆಯಾದರೆ ಯಾವ ಕಣ್ಣಿಗೆ ಕಾಣಬೇಕು?

ಕಂಡದ್ದು ನಮ್ಮ ದೊಡ್ಡಪ್ಪನ ಕಣ್ಣಿಗೆ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದು ನಿವೃತ್ತರಾದವರು. ಚಹಾಕ್ಕೆ ಬಂದವರು ಹಿತ್ತಲಿಗೆ ಹೋಗಿ, ಕಿಸೆಯಿಂದ ತಮ್ಮ ಉಕ್ಕಿನ ಆರಿಂಚಿನ ಸ್ಕೇಲು ತೆಗೆದರು. ಇಂಚಿಗೆ 64 ಗೀಟು ಇರುವ ಸ್ಕೇಲು; ದೇವರ ಕೋಣೆಯಲ್ಲಿ ಇಡದಿದ್ದರೂ ಅದಕ್ಕೆ ಕಡಿಮೆಯಿಲ್ಲದ ಮರ್ಯಾದೆ. ಎರಡು ಫರ್ಮಾಗಳ ನಡುವೆ ಇಟ್ಟು ಕಣ್ಣು ಕಿರಿದು ಮಾಡಿದರು.

"ತಮ್ಮಾ, ಇದೆಷ್ಟ ಇರಬೇಕ?"

"ಐದ ಇಂಚ್ ರೀ ದೊಡ್ಡಪ್ಪಾ."

"ಐದಕ್ಕ ಐದ ಗೀಟ ಕಡಿಮಿ ಅದ. ಎಂಎಂದಾಗ ಎಷ್ಟ ಹೇಳೀದಿ?"

ಹೇಳಿದೆ. ಅವರು ಬೈಯಲಿಲ್ಲ. "ಐದ ಇಂಚಂದ್ರ ನೂರಾ ಇಪ್ಪತ್ತೇಳೋ ತಮ್ಮಾ. ನಿಮ್ಮ ಕಾರ್ಖಾನ್ಯಾಗ ಲೇಥಿನ ಗಿಯರ್ ಎಣಿಸಿಲ್ಲೇನು?"

ಎಣಿಸಿರಲಿಲ್ಲ. ಆಮೇಲೆ ಅವರು ಬಿಡಿಸಿ ಹೇಳಿದರು. ಹಳೆಯ ಲೇಥುಗಳ ಲೀಡ್‌ಸ್ಕ್ರೂ, ಅಂದರೆ ಉಳಿಯನ್ನು ಸರಿಸುವ ಉದ್ದನೆಯ ತಿರುಪು, ಇಂಚಿನದು, ಇಂಚಿಗೆ ಇಷ್ಟು ಎಳೆ ಅಂತ. ಅದರಲ್ಲಿ ಮಿಲಿಮೀಟರ್ ಎಳೆ ಕೊರೆಯಬೇಕಾದರೆ ನಡುವೆ 127 ಹಲ್ಲಿನ ಗಿಯರ್ ಹಾಕಬೇಕು. 127 ಮಿಲಿಮೀಟರ್ ಅಂದರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ 5 ಇಂಚು. ಎರಡು ಲೋಕಗಳು ಪೂರ್ಣಾಂಕದಲ್ಲಿ ಕೈ ಕುಲುಕುವ ಮೊದಲ ಜಾಗ ಅದು. 127 ಅವಿಭಾಜ್ಯ ಸಂಖ್ಯೆ, ಆದ್ದರಿಂದ ಅದನ್ನು ಒಡೆದು ಎರಡು ಸಣ್ಣ ಗಿಯರಿನಲ್ಲಿ ಹೊಂದಿಸುವುದಕ್ಕೂ ಬರುವುದಿಲ್ಲ. ಅಷ್ಟು ದೊಡ್ಡ ಗಾಲಿಯನ್ನೇ ಹೊತ್ತು ತಂದು ಹಾಕಬೇಕು. "ಆ ಗಾಲಿ ಎತ್ತಿ ಎತ್ತಿ ನನ್ನ ಭುಜಾ ನೆನಪಿಟ್ಟೈತಿ, ತಲಿ ಅಲ್ಲ" ಅಂದರು.

ಅವರು ಹೋದ ಮೇಲೆ ಕ್ಯಾಲ್ಕುಲೇಟರ್ ಹಿಡಿದು ಕೂತೆ. ಹತ್ತು ಮನೆ, ಒಂದಕ್ಕೆ 2 ಮಿಮೀ, ಒಟ್ಟು 20 ಮಿಮೀ ಕೊರತೆ. 1,270 ಇರಬೇಕಾದ ದೋಣಿ 1,250. ನಿಯಮದ ಕೆಳಗಿನ ಗಡಿ 49.75 ಇಂಚು, ಅಂದರೆ 1,263.65 ಮಿಮೀ. ಅಲ್ಲಿಗೂ ಮುಟ್ಟಲು 13 ಮಿಮೀ ಮೇಲೆ ಬೇಕು. ಪುಣ್ಯಕ್ಕೆ ಅಡ್ಡಡ್ಡ ಅಳತೆಗಳೆಲ್ಲ ಕಾಕಾನ ಸೂತದಲ್ಲಿ ಸರಿಯಾಗಿದ್ದವು. ಮೂರೂ ದಿಕ್ಕಿಗೆ ನಾನೇ 25ರ ಲೆಕ್ಕ ಹಿಡಿದಿದ್ದರೆ ದೋಣಿಯ ಭಾರ ಹೊರುವ, ಅದು ಪಕ್ಕಕ್ಕೆ ಸರಿಸುವ ನೀರೇ ಶೇ. 4.65ರಷ್ಟು ಕಡಿಮೆಯಾಗುತ್ತಿತ್ತು. 9 ಕಿಲೋ ತೂಗುವ ದೋಣಿಗೆ ಅದು 400 ಗ್ರಾಂ ಮೀರಿದ ಮಾತು. ತಳದ ಭಾರಕ್ಕೆ ಅದೇ ಸೀಸ ಕಟ್ಟಿ ನೀರಿಗೆ ಬಿಟ್ಟರೆ ಕುತ್ತಿಗೆಯವರೆಗೆ ಮುಳುಗಿದ ಎಮ್ಮೆಯ ಹಾಗೆ ಹೋಗುತ್ತಿತ್ತು.

ಒಣಗಿದ ಪಟ್ಟಿ ಕೀಳುವುದು ಬೇಸರದ ಕೆಲಸ. ಆರರಲ್ಲಿ ನಾಲ್ಕು ಮುರಿದವು. ಫರ್ಮಾಗಳನ್ನು ಮತ್ತೆ ನಿಲ್ಲಿಸುವಾಗ ಒಂದರಿಂದ ಒಂದಕ್ಕೆ ಅಳೆಯಲಿಲ್ಲ. ಟೇಪಿನ ಒಂದು ತುದಿ ಮೂತಿಗೆ ಬಿಗಿದು, 127, 254, 381, 508 ಎಂದು 1,270ರವರೆಗೆ ಒಂದೇ ಎಳೆತದಲ್ಲಿ ಗುರುತು ಮಾಡಿದೆ. ಹಾಗೆ ಮಾಡಿದರೆ ಒಂದು ಗುರುತು ಅರ್ಧ ಮಿಮೀ ಸರಿದರೂ ಅದು ಅಲ್ಲಿಗೇ ನಿಲ್ಲುತ್ತದೆ, ಮುಂದಿನ ಮನೆಗೆ ಸಾಲವಾಗಿ ಹೋಗುವುದಿಲ್ಲ. ಕಾರ್ಖಾನೆಯಲ್ಲಿ ಟ್ರೇನಿಗಳಿಗೆ ಇದನ್ನೇ ಪಾಠ ಮಾಡುವವನು ನಾನು.

ಈ ರಗಳೆಯಿಂದಾಗಿ 25.4 ಎಲ್ಲಿಂದ ಬಂತು ಎಂದು ಹುಡುಕಿ ಓದಿದೆ. ಮೊದಲು ಬ್ರಿಟಿಷರ ಇಂಚು ಅದಕ್ಕಿಂತ ಒಂದು ಎಳೆ ಕಡಿಮೆ ಇತ್ತು, ಅಮೆರಿಕದವರದು ಒಂದು ಎಳೆ ಜಾಸ್ತಿ: 25.39998 ಮತ್ತು 25.40005. ನಾನು ದಿನಾ ಒರೆಸಿ ಎಣ್ಣೆ ಹಚ್ಚಿ ಇಡುವ ಸ್ಲಿಪ್ ಗೇಜನ್ನು ಕಂಡುಹಿಡಿದ ಸ್ವೀಡನ್ನಿನ ಕಾರ್ಲ್ ಎಡ್ವರ್ಡ್ ಯೊಹಾನ್ಸನ್, ಎರಡೂ ಕಡೆಯವರಿಗೆ ಮಾರಬೇಕಾಗಿದ್ದರಿಂದ, ನಡುವಿನ 25.4 ಹಿಡಿದು ಗೇಜು ಮಾಡಿದರು. ಕಾರ್ಖಾನೆಗಳು ಅದಕ್ಕೇ ಒಗ್ಗಿಕೊಂಡವು. ಇಂಗ್ಲಿಷ್ ಮಾತಾಡುವ ದೇಶಗಳು ಕೂತು ಅದನ್ನೇ ಕಾಯಂ ಮಾಡಿದ್ದು 1959ರ ಜುಲೈ 1ರಿಂದ. ಅಷ್ಟರಲ್ಲಿ ನಮ್ಮ ದೇಶ 1956ರ ಕಾಯಿದೆಯಿಂದ ಮೀಟರಿನ ದಾರಿ ಹಿಡಿದಾಗಿತ್ತು. ಕಾಯಿದೆ ಬಂದು ಇಷ್ಟು ವರ್ಷವಾದರೂ ದುರ್ಗದ ಬೈಲಿನಲ್ಲಿ ಬಟ್ಟೆ ಮೀಟರಿಗೆ ಕೊಂಡು ಟೇಲರ್ ಹತ್ತಿರ ಇಂಚಿನಲ್ಲಿ ಹೊಲಿಸುತ್ತೇವೆ. ಪ್ಲೈವುಡ್ ಶೀಟು 'ಎಂಟು-ನಾಲ್ಕು', ಅದರ ದಪ್ಪ ಮಾತ್ರ 'ಸಿಕ್ಸ್ ಎಂಎಂ'. ಕಾರಿನ ಟೈರಿನ ಅಗಲ ಮಿಲಿಮೀಟರಿನಲ್ಲಿ, ರಿಮ್ಮು ಇಂಚಿನಲ್ಲಿ, ಅದೂ ಒಂದೇ ಸಾಲಿನಲ್ಲಿ ಅಚ್ಚಾಗಿರುತ್ತದೆ. ನನಗೆ ಇದರ ಮೇಲೆ ಸಿಟ್ಟಿಲ್ಲ. ಆದರೆ ಯಾವುದು ಅಳತೆ, ಯಾವುದು ಬರೀ ಹೆಸರು ಅಂತ ಕೇಳಿಕೊಳ್ಳದೆ ಗುಣಿಸುವುದಕ್ಕೆ ಹೋಗಬಾರದು.

ದೊಡ್ಡ ಹಾಯಿದೋಣಿಗಳ ನಿಯಮಗಳನ್ನೂ ಆಗ ತಿರುವಿ ಹಾಕಿದೆ. ಅಲ್ಲಿ ಬೇರೆಯೇ ಒಂದು ಆಟ ಕಂಡಿತು. ಮಾತ್ ಎಂಬ ಪುಟ್ಟ ದೋಣಿಯ ವರ್ಗ ಹುಟ್ಟುವಾಗ ಉದ್ದ 11 ಅಡಿ ಅಂತಿತ್ತು. ಲೆಕ್ಕಕ್ಕೆ ಅದು 3,352.8 ಮಿಮೀ. ಮೀಟರಿಗೆ ಬಂದಾಗ ನಿಯಮದಲ್ಲಿ ಬರೆದದ್ದು ಗರಿಷ್ಠ 3,355. ಎ-ಕ್ಲಾಸ್ ಕ್ಯಾಟಮರಾನ್ ಎಂಬ ಜೋಡಿ ಒಡಲಿನ ದೋಣಿ 18 ಅಡಿಯದು, ಅಂದರೆ 5,486.4 ಮಿಮೀ, ನಿಯಮದ ಅಂಕಿ 5.49 ಮೀಟರ್. ಅದರ ಹಾಯಿ 150 ಚದರ ಅಡಿ, ಲೆಕ್ಕಕ್ಕೆ 13.9355 ಚದರ ಮೀಟರ್, ಬರೆದದ್ದು 13.94. ಮೂರೂ ಕಡೆ ಅಂಕಿ ಮೇಲಕ್ಕೇ ಹೋಗಿದೆ. ನನಗೆ ಇದು ಸರಿ ಅನಿಸಿತು. ಅಡಿಯ ಕಾಲದಲ್ಲಿ ಗಡಿಗೆ ತಾಗಿಸಿ ಕಟ್ಟಿದ ದೋಣಿ ಒಂದು ಬೆಳಿಗ್ಗೆ ಎದ್ದಾಗ ಅಕ್ರಮವಾಗಬಾರದಲ್ಲ! 'ಇದಕ್ಕಿಂತ ಹೆಚ್ಚಿರಬಾರದು' ಎಂಬ ಅಂಕಿಯನ್ನು ಮೇಲಕ್ಕೆ, 'ಇದಕ್ಕಿಂತ ಕಡಿಮೆ ಇರಬಾರದು' ಎಂಬುದನ್ನು ಕೆಳಕ್ಕೆ ಸರಿಸಿದರೆ ಹಳಬರಿಗೆ ಅನ್ಯಾಯವಿಲ್ಲ. ಹೊಸದಾಗಿ ಕಟ್ಟುವವನಿಗೆ ಒಂದೆರಡು ಮಿಮೀ ಪುಕ್ಕಟೆ ಸಿಗುತ್ತದೆ, ಸಿಗಲಿ. ಎ-ಕ್ಲಾಸಿನ ಹಾಯಿಯಲ್ಲಿ ಆ ಪುಕ್ಕಟೆ ಎಷ್ಟೆಂದು ಲೆಕ್ಕ ಹಾಕಿದೆ: 45 ಚದರ ಸೆಂಟಿಮೀಟರ್. ಎರಡೂವರೆ ಕಡ್ಡಿಪೆಟ್ಟಿಗೆಯ ಮುಖದಷ್ಟು ಬಟ್ಟೆ.

ನನ್ನ ದೋಣಿಗೆ ಹಾಯಿ ಹೊಲಿಸುವಾಗ ಈ ಜ್ಞಾನ ಯಾವುದೂ ಕೆಲಸಕ್ಕೆ ಬರಲಿಲ್ಲ. ಅಂಚು ನೇರ ಇಟ್ಟುಕೊಂಡಿದ್ದರಿಂದ ಲೆಕ್ಕ ಸುಲಭ ಇತ್ತು. ದೊಡ್ಡ ಹಾಯಿ 70 ಇಂಚು ಎತ್ತರ, ತಳ 15, ತ್ರಿಕೋನ 525. ಮುಂದಿನದು 50 ಎತ್ತರ, ತಳ 11, ಅದು 275. ಕೂಡಿಸಿದರೆ 800, ಒಂದೂ ಹೆಚ್ಚಿಲ್ಲ. ಇಷ್ಟು ಚೊಕ್ಕ ಇಂಚುಗಳನ್ನು ಟೇಲರಿಗೆ ಹಾಗೇ ಹೇಳಿಬಿಡಬೇಕಿತ್ತು. ನಾನು ಜಾಣತನ ಮಾಡಿ ಚೀಟಿಯಲ್ಲಿ 177.8, 38.1, 127, 27.94 ಸೆಂಟಿಮೀಟರ್ ಎಂದು ಬರೆದುಕೊಟ್ಟೆ. ಆತ ಛತ್ರಿಯ ನೈಲಾನ್ ಹಿಡಿದು, "ಪಾಯಿಂಟ್ ಒಂದ್ ಅಂದ್ರ ನಮ್ಮ ಟೇಪಿನ್ಯಾಗ ಎಲ್ಲಿ ಬರ್ತೈತ್ರಿ ಸರ? ಮೂವತ್ತೆಂಟೂವರಿ ಹಿಡೀತೀನಿ ತಗೋರಿ" ಅಂದ. ಉಳಿದವಕ್ಕೆ 178, 127, 28. ಕಡಿಮೆ ಬಿದ್ದರೆ ಗಿರಾಕಿ ಜಗಳಕ್ಕೆ ಬರುತ್ತಾನೆ, ಹೆಚ್ಚಾದರೆ ಒಳಗೆ ಮಡಚಬಹುದು. ಬ್ಲೌಸಿನ ನ್ಯಾಯ ಅದು, ತಪ್ಪಲ್ಲ.

ಮನೆಗೆ ತಂದು ಅಳೆದರೆ ಎರಡೂ ಸೇರಿ 5,20,450 ಚದರ ಮಿಮೀ. 800 ಚದರ ಇಂಚಿಗೆ ಇರುವುದು 5,16,128. ಇಂಚಿನ ಲೆಕ್ಕದಲ್ಲಿ 806.7 ಆಯಿತು. ದೊಡ್ಡ ಹಾಯಿಯ ತಳದಲ್ಲಿ 4 ಮಿಮೀ ಹೆಚ್ಚಿದ್ದಕ್ಕೇ ಅದರ ಬಹುಪಾಲು ಬಂದಿತ್ತು, ಯಾಕೆಂದರೆ ಆ 4 ಮಿಮೀಗೆ ಮೇಲೆ ಒಂದು ಆಳೆತ್ತರದ ಹಾಯಿ ಗುಣವಾಗಿ ಕೂತಿತ್ತು. ಬಿಚ್ಚಿ ಹೊಲಿಸಿದೆ. ಈ ಸಲ ಚೀಟಿ ಬರೆಯಲಿಲ್ಲ, ಬಾಯಲ್ಲೇ ಹೇಳಿದೆ: ಎಪ್ಪತ್ತು, ಹದಿನೈದು, ಐವತ್ತು, ಹನ್ನೊಂದು. ಮೊದಲನೆಯ ಸಲವೇ ಸರಿ ಹೊಲಿದುಕೊಟ್ಟ.

ಗುಜರಿಯಿಂದ ಸೀಸ ತಂದು ಕರಗಿಸಿದ್ದು, ರೇಡಿಯೋ ಕೂಡಿಸಿದ್ದು, ಎರಡು ಸಲ ಬಣ್ಣ ಹಚ್ಚಿದ್ದು ಹೇಳುವಂಥದ್ದೇನಲ್ಲ.

ಏಪ್ರಿಲ್‌ನ ಒಂದು ಮುಂಜಾನೆ ಉಣಕಲ್ ಕೆರೆಯ ದಂಡೆಯ ಮೇಲೆ ಸೇರಿದೆವು. ದೋಸ್ತ, ಬಡಿಗ್ಯಾರ ಕಾಕಾ, ದೊಡ್ಡಪ್ಪ, ವಾಕಿಂಗಿಗೆ ಬಂದು ನಿಂತ ಹತ್ತು ಜನ. ಅಂತರಗಂಗೆ ಇಲ್ಲದ ಜಾಗ ಹುಡುಕುವುದರಲ್ಲೇ ತಾಸು ಹೋಗಿ, ಬಿಸಿಲು ಏರಿತ್ತು. ನೀರಿಗೆ ಬಿಡುವ ಮೊದಲು ಅಳತೆ. ಕಾರ್ಖಾನೆಯಿಂದ ಅಲ್ಲ, ನನ್ನದೇ ದುಡ್ಡಿನ ಉಕ್ಕಿನ ಟೇಪು ತಂದಿದ್ದೆ. ಮೂತಿಗೊಂದು, ಹಿಂಬದಿಗೊಂದು ಗುಣ್ಯಾ (ಮೂಲೆಮಟ್ಟ) ನಿಲ್ಲಿಸಿ ನಡುವಿನ ದೂರ ತೆಗೆದೆವು. ನನ್ನ ದೋಣಿ 1,272 ಮಿಮೀ. ಬಣ್ಣ, ಪುಟ್ಟಿ ಸೇರಿ ಎರಡು ಹೆಚ್ಚಾಗಿದೆ, ಆದರೆ ಮೇಲಿನ ಗಡಿ 1,276.35. ಪಾಸು.

"ಈಗ ನಿಂದು ಹಚ್ಚು" ಅಂದೆ ದೋಸ್ತನಿಗೆ.

"ನಂದೇನ ಅಳೀತಿ? ಹತ್ತ ವರ್ಷದ ದೋಣಿ ಅದು."

ಹಚ್ಚಿದೆವು. 1,277.5. ಮತ್ತೆ ಹಚ್ಚಿದೆವು, ಅದೇ.

ಅವನ ಮುಖ ಸಣ್ಣದಾಯಿತು. ಟೇಪಿನ ತುದಿಯ ಕೊಕ್ಕೆ ಅಲ್ಲಾಡುತ್ತದೆ ಅಂದ. ಅದು ಅಲ್ಲಾಡಬೇಕೆಂದೇ ಮಾಡಿದ್ದು, ಒಳಗೆ ಒತ್ತಿ ಅಳೆದಾಗಲೂ ಹೊರಗೆ ಎಳೆದು ಅಳೆದಾಗಲೂ ಕೊಕ್ಕೆಯ ದಪ್ಪದಷ್ಟೇ ಸರಿದು ಲೆಕ್ಕ ಸರಿ ಮಾಡುತ್ತದೆ ಅಂತ ತೋರಿಸಿದೆ. ಅನುಮಾನ ಬೇಡವೆಂದು ಕೊಕ್ಕೆ ಬಿಟ್ಟು 100ರ ಗೀಟಿನಿಂದ ಅಳೆದೆವು. ಅದೇ ಬಂತು.

"ಬಿಸಲಾಗ ನಿನ್ನ ಟೇಪ್ ಹಿಗ್ಗೇತಿ" ಅಂದ.

ಇದಕ್ಕಾಗಿಯೇ ಕಾಯುತ್ತಿದ್ದೆ ಅಂತ ಕಾಣುತ್ತದೆ, ಇಪ್ಪತ್ತು ವರ್ಷದಿಂದ. "ಟೇಪ್ ಹಿಗ್ಗಿದ್ರ ಗೀಟ ದೂರ ದೂರ ಆಗ್ತಾವು. ಆಗ ಅಳತಿ ಕಡಿಮಿ ತೋರಸ್ತೈತಿ, ಜಾಸ್ತಿ ಅಲ್ಲ. ಟೇಪಿನ ಅಳತಿ ಖರೇ ಇರೂದು 20 ಡಿಗ್ರಿಗೆ. ಈಗ 36 ಐತಿ ಅಂತ ಹಿಡಿ, 0.23 ಮಿಮೀ ಕೂಡಸು. ನಿನ್ನ ದೋಣಿ ಇನ್ನೂ ಉದ್ದ ಆತು."

ವಾಕಿಂಗಿನವರು ನಕ್ಕರು. ದೊಡ್ಡಪ್ಪ ತಮ್ಮ ಸ್ಕೇಲು ಒರೆಸಿ ಕಿಸೆಯಲ್ಲಿಟ್ಟುಕೊಂಡರು. ದೋಸ್ತ ಕಡೆಯ ಆಸರೆ ಎಂಬಂತೆ ಬಡಿಗ್ಯಾರ ಕಾಕಾನ ಕಡೆ ತಿರುಗಿದ.

"ಅರ್ಧ ಸೂತಾನೂ ಇಲ್ರೀ ಅದು" ಎಂದರು ಕಾಕಾ, ಸಮಾಧಾನದ ದನಿಯಲ್ಲಿ. ಆಮೇಲೆ ಚೀಲಕ್ಕೆ ಕೈಹಾಕಿ 80 ನಂಬರಿನ ಉಸುಕಿನ ಕಾಗದ ತೆಗೆದು ಅವನ ಕೈಗೆ ಕೊಟ್ಟರು. "ಮೂತಿ ಕಡೆಯಿಂದ ತಿಕ್ಕರಿ. ಹಿಂದ ಮುಟ್ಟಬ್ಯಾಡ್ರಿ."